ದೊಡ್ಡ ಡ್ರಮ್ಮು ಯಾರು ಹೊರಬೇಕು

ಆ ಮನೆಯಲ್ಲಿ ಮಗು ಹುಟ್ಟುವುದಕ್ಕೆ ಮೊದಲೇ ಅದರ ವಾದ್ಯ ಗೋಡೆಗೆ ಬಂದು ನೇತುಬೀಳುತ್ತಿತ್ತು. ತೊಟ್ಟಿಲು ಆಮೇಲೆ, ಹೆಸರು ಇನ್ನೂ ಆಮೇಲೆ. ಊರೆಲ್ಲ ಬ್ಯಾಂಡ್ ಮಾಸ್ಟರ್ ಎಂದು ಕರೆಯುವ ಮನೆಯ ಯಜಮಾನರು ಹಜಾರದ ಉದ್ದನೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆಸಿದ್ದರು. ಒಂದೊಂದು ಮೊಳೆಗೆ ಒಂದೊಂದು ವಾದ್ಯ, ಒಂದೊಂದು ವಾದ್ಯಕ್ಕೆ ಮನೆಯದೇ ಒಬ್ಬ ಮನುಷ್ಯ. ಮದುವೆ, ಮೆರವಣಿಗೆ, ಹೊಸ ಅಂಗಡಿಯ ಉದ್ಘಾಟನೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಮನೆಮಂದಿಯದೇ ಬ್ಯಾಂಡು. ಹೊರಗಿನವರನ್ನು ಸೇರಿಸಿಕೊಂಡರೆ ತಾಳ ಕೆಡುತ್ತದೆ ಎನ್ನುವುದು ಯಜಮಾನರ ಸಿದ್ಧಾಂತ. ಸೊಸೆಯಂದಿರಿಗೂ ರಿಯಾಯಿತಿ ಇರಲಿಲ್ಲ. ಊದದವರಿಗೆ ಊಟವಿಲ್ಲ ಎಂದು ಅವರು ತಮಾಷೆಗೆ ಹೇಳುತ್ತಿದ್ದರು; ಅದು ನಿಜವಾಗಿ ತಮಾಷೆಯೋ ಅಲ್ಲವೋ ಎಂದು ಪರೀಕ್ಷೆ ಮಾಡಿ ನೋಡುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ.

ಸದ್ಯಕ್ಕೆ ಕೊನೆಯ ಮೊಳೆಯಲ್ಲಿ ಒಂದು ಸ್ಯಾಕ್ಸೋಫೋನು ನೇತಾಡುತ್ತಿತ್ತು. ಅದನ್ನು ಊದುವವರು ಇರಲಿಲ್ಲ. ಇರಲಿಲ್ಲ ಎಂದರೆ, ಇನ್ನೂ ಹುಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಯಜಮಾನರು ಮೆತ್ತನೆ ಬಟ್ಟೆಯಲ್ಲಿ ಅದನ್ನು ಒರೆಸಿ, ಒಮ್ಮೆ ಸ್ಯಾಕ್ಸೋಫೋನು ನೋಡಿ, ಒಮ್ಮೆ ಕಿರಿಸೊಸೆಯ ಹೊಟ್ಟೆ ನೋಡಿ, ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅವಳು ಹೊಟ್ಟೆಯನ್ನು ಒಳಗೆಳೆದುಕೊಂಡು ಅಡುಗೆಮನೆಗೆ ನುಗ್ಗುತ್ತಿದ್ದಳು.

ಮನೆಯಲ್ಲಿ ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾವ ವಾದ್ಯವನ್ನೂ ಭಾರ ಅನ್ನಬಾರದು. ಹಾಗೆ ಅಂದರೆ ಅನ್ನ ಕೊಡುವ ವಾದ್ಯಕ್ಕೆ ಅವಮಾನವಂತೆ. ಅಪ್ಪಿತಪ್ಪಿ ಬಾಯಿಂದ ಬಂದರೆ ಅವತ್ತು ಎಲ್ಲ ಹಿತ್ತಾಳೆ ವಾದ್ಯಗಳನ್ನೂ ಹುಳಿ ಹಚ್ಚಿ ತಿಕ್ಕುವ ಶಿಕ್ಷೆ. ಕಿರಿಸೊಸೆಯ ಗಂಡ ಹದಿಮೂರನೇ ವಯಸ್ಸಿನಿಂದ ದೊಡ್ಡ ಡ್ರಮ್ಮು ಬಾರಿಸುತ್ತಿದ್ದ. ಎರಡು ಹೆಗಲಿಗೂ ಪಟ್ಟಿ ಹಾಕಿ ಹೊಟ್ಟೆಯ ಮುಂದೆ ಕಟ್ಟಿಕೊಳ್ಳುವ ಆ ಗುಡಾಣ ಹದಿನಾಲ್ಕು ಕಿಲೋ ತೂಗುತ್ತಿತ್ತು. ಇಷ್ಟು ವರ್ಷದಲ್ಲಿ ಅವನು ಅದನ್ನು ಭಾರ ಎಂದು ಮನಸ್ಸಿನಲ್ಲೂ ಅಂದುಕೊಂಡವನಲ್ಲ. ಹುಳಿಯ ಹೆದರಿಕೆ ಅಷ್ಟಿತ್ತು.

ಇನ್ನು ಕಿರಿಸೊಸೆ. ಅವಳದು ಕ್ಲಾರಿನೆಟ್. ಅವಳು ಊದಲು ಶುರುಮಾಡಿದರೆ ಬೀದಿಯ ಹಾಲಿನವನು ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದ. ಹಾಲು ತಡವಾಯಿತೆಂದು ಬೈಯಬೇಕಾದವರೂ ಅವನ ಪಕ್ಕದಲ್ಲೇ ಬಂದು ನಿಲ್ಲುತ್ತಿದ್ದರು. ಮೊದಲ ಕ್ಲಾರಿನೆಟ್ಟಿನ ಜಾಗ, ಅಂದರೆ ಇಡೀ ಬ್ಯಾಂಡಿನ ಮುಂದೆ ನಡೆಯುತ್ತ ರಾಗವನ್ನು ಎತ್ತಿ ಹಿಡಿಯುವ ಜಾಗ, ಅವಳ ಕೈಗೆ ಎರಡು ಸಲ ಬಂದಿತ್ತು. ಎರಡು ಸಲವೂ ಕೈತಪ್ಪಿತ್ತು. ಮೊದಲ ಸಲ ಜಾಗ ಸಿಕ್ಕ ಎರಡೇ ತಿಂಗಳಿಗೆ ದೊಡ್ಡವಳು ಹೊಟ್ಟೆಯಲ್ಲಿದ್ದಳು. ಬಸುರಿ ಹೆಂಗಸು ಇಪ್ಪತ್ತು ಎಣಿಸುವಷ್ಟು ಹೊತ್ತು ಒಂದೇ ಉಸಿರು ಹಿಡಿಯುವುದು ಎಲ್ಲಿಂದ ಸಾಧ್ಯ? ಒಳಗಿರುವವರು ಕೆಳಗಿನಿಂದ ಒದೆಯುತ್ತಾರೆ. ಜಾಗ ಚಿಕ್ಕಮಾವನ ಪಾಲಾಯಿತು. ಹೆತ್ತು, ಹಾಲೂಡಿಸಿ, ಉಸಿರನ್ನು ಮತ್ತೆ ಚೂರುಚೂರೇ ಕೂಡಿಸಿಕೊಂಡು ಅವಳು ಜಾಗ ಹಿಡಿದ ತಿಂಗಳಿಗೇ ಚಿಕ್ಕವನು ಹೊಟ್ಟೆಯಲ್ಲಿರುವ ಸುದ್ದಿ ಬಂತು. ಮಕ್ಕಳೆಂದರೆ ಅವಳಿಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರೆ ತನ್ನದು ಅಂತ ಒಂದು ಉಸಿರು ಉಳಿಯುವುದು ಯಾವಾಗ?

ಹೀಗಿರುವಾಗ ಚಿಕ್ಕಮಾವ ಗಟ್ಟಿ ಬಿಸ್ಕತ್ತು ಕಚ್ಚಿ ಮುಂದಿನ ಎರಡು ಹಲ್ಲು ಕಳೆದುಕೊಂಡರು. ಮೇಲಿನ ಹಲ್ಲಿಲ್ಲದೆ ಕ್ಲಾರಿನೆಟ್ ನಿಲ್ಲುವುದಿಲ್ಲ. ಊರಿನ ಹೊಸ ಸೇತುವೆಯ ಉದ್ಘಾಟನೆಗೆ ಮೂರೇ ವಾರ ಉಳಿದಿತ್ತು. ಮೊಟ್ಟಮೊದಲು ಸೇತುವೆ ದಾಟಬೇಕಾದದ್ದು ಇವರ ಬ್ಯಾಂಡು, ಅದರ ಹಿಂದೆ ಇಡೀ ಊರು. ಅದಕ್ಕೆಂದು ಯಜಮಾನರು ಕಟ್ಟಿದ ಹೊಸ ರಾಗದ ನಡುವೆ ಇಪ್ಪತ್ತನಾಲ್ಕು ಎಣಿಕೆಯ ಒಂದು ಉದ್ದನೆ ಸ್ವರವಿತ್ತು, ಒಂದೇ ಉಸಿರಿನದು.

ಯಜಮಾನರು ಕಿರಿಸೊಸೆಯನ್ನು ಕರೆದರು. "ಈ ಸಲ ನೀನೇ ಕಣಮ್ಮ. ಚೆನ್ನಾಗಿ ಬಂದ್ರೆ ಜಾಗ ಕಾಯಂ. ಆದ್ರೆ ಹೋದ ಎರಡು ಸಲದ ಹಾಗೆ ಮಧ್ಯದಲ್ಲಿ ಕೈಕೊಟ್ರೆ ಮುಗೀತು. ಬೇರೆಯವರನ್ನ ತಯಾರು ಮಾಡ್ತೀನಿ. ಆಮೇಲೆ ಆ ಜಾಗದ ಮಾತು ಎತ್ತಬಾರದು."

ಇಷ್ಟು ಹೇಳಿ ಅವರು ಅಭ್ಯಾಸಬಲದಿಂದ ಸ್ಯಾಕ್ಸೋಫೋನು ನೋಡಿದರು, ಅವಳ ಹೊಟ್ಟೆ ನೋಡಿದರು, ಗಂಟಲು ಸರಿಮಾಡಿಕೊಂಡರು. ಎರಡನ್ನೂ ಒಟ್ಟಿಗೆ ಕೇಳುತ್ತಿದ್ದೇನೆ ಎನ್ನುವುದು ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ.

ಆ ತಿಂಗಳೇ ಅವಳಿಗೆ ಮುಟ್ಟು ಹತ್ತು ದಿನ ತಡವಾಯಿತು. ಆ ಹತ್ತು ದಿನ ಗಂಡಹೆಂಡತಿ ಇಬ್ಬರೂ ಕ್ಯಾಲೆಂಡರಿನ ಮುಂದೆಯೇ ಓಡಾಡಿಕೊಂಡಿದ್ದರು. ಹನ್ನೊಂದನೇ ದಿನ ಅವಳು ಬಚ್ಚಲಿನಿಂದ ಓಡುತ್ತ ಬಂದು, ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಗಂಡನ ಕೈಹಿಡಿದು ಒದ್ದೆ ಚಾದರಗಳ ನಡುವೆ ಗಿರಗಿರ ಸುತ್ತಿಸಿದಳು. ಇಬ್ಬರೂ ತಲೆತಿರುಗಿ ಕುಕ್ಕರಿಸಿದರು.

"ಹೀಗೆ ಪ್ರತಿ ತಿಂಗಳೂ ನನ್ನ ಕೈಲಾಗಲ್ಲ ಕಣ್ರೀ," ಎಂದಳು ನಗುತ್ತಲೇ. ಕಣ್ಣಲ್ಲಿ ಮಾತ್ರ ನೀರಿತ್ತು. "ಗುಳಿಗೆ ತಗೊಂಡೆ, ವಾಂತಿ. ಕಾಪರ್-ಟಿ ಹಾಕಿಸ್ಕೊಂಡೆ, ತಿಂಗಳಲ್ಲಿ ಹದಿನೈದು ದಿನ ರಕ್ತ. ಮೂರನೇ ಮಗು ಬೇಡ ಅಂತ ಇಬ್ರೂ ಯಾವತ್ತೋ ಮಾತಾಡ್ಕೊಂಡಾಯ್ತು. ಮಾತಾಡಿದ್ರೆ ಮಗು ನಿಲ್ಲುತ್ತಾ?"

ಗಂಡ ಒದ್ದೆ ಚಾದರವನ್ನು ತಲೆಯ ಮೇಲಿಂದ ಸರಿಸಿದ. "ಇಷ್ಟು ದಿನ ಎಲ್ಲಾ ಪ್ರಯೋಗ ನಿನ್ನ ಮೈಮೇಲೇ ಆಯ್ತು. ನಂದೂ ಒಂದು ಮೈ ಇದೆಯಲ್ಲ. ನಾನೇ ಆಪರೇಷನ್ ಮಾಡಿಸ್ಕೋತೀನಿ."

"ಧೈರ್ಯ ಇದೆಯಾ?"

"ಇವತ್ತಿದೆ. ನಾಳೆ ಮತ್ತೆ ಕೇಳ್ಬೇಡ."

ಅವಳು ನಾಳೆಯವರೆಗೆ ಕಾಯುವಷ್ಟು ಪೆದ್ದಿಯಲ್ಲ. ಆಗಲೇ ಚಪ್ಪಲಿ ಮೆಟ್ಟಿಸಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೊರಟಳು.

ಅಲ್ಲಿಯ ನರ್ಸಮ್ಮ ವಿಷಯ ಕೇಳಿದವಳೇ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗೋಡೆಯ ಮೇಲೆ ಒಂದು ಹಳೆಯ ಚಿತ್ರಪಟವಿತ್ತು: ಗಂಡ, ಹೆಂಡತಿ, ಎರಡು ಮಕ್ಕಳು, ನಾಲ್ಕು ಜನರದೂ ಒಂದೇ ಥರದ ನಗು. ನರ್ಸಮ್ಮ ಅದರಲ್ಲಿದ್ದ ಗಂಡಸಿನ ಕಡೆ ಕೈ ತೋರಿಸಿದಳು. "ಹನ್ನೆರಡು ವರ್ಷದಿಂದ ಇಲ್ಲಿದ್ದೀನಿ. ಈ ಕೋಣೆಗೆ ಈ ವಿಷಯಕ್ಕೆ ದಿನಾ ತಪ್ಪದೆ ಬರೋ ಗಂಡಸು ಇವನೊಬ್ಬನೇ. ಮಿಕ್ಕವರೆಲ್ಲ ಹೆಂಡ್ತೀರನ್ನ ಕಳಿಸಿ ಗೇಟಿನ ಹತ್ರ ನಿಂತಿರ್ತಾರೆ. ಹೆಂಗಸರ ಆಪರೇಷನ್ನಿಗಿಂತ ಇದು ಎಷ್ಟೋ ಸುಲಭ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೂತ್ಕೊಳ್ಳಿ ಸ್ವಾಮಿ, ಕೂತ್ಕೊಳ್ಳಿ. ಫ್ಯಾನು ಹಾಕ್ಲಾ?"

ಆಪರೇಷನ್ ಮಾಡುವ ಡಾಕ್ಟರು ಬರುವುದು ಎರಡು ತಿಂಗಳಿಗೊಮ್ಮೆ. ಮುಂದೆ ಬರುವ ದಿನ ಯಾವುದೆಂದು ನೋಡಿದರೆ ಸೇತುವೆಯ ಶನಿವಾರಕ್ಕೆ ಮೂರು ದಿನ ಮುಂಚಿನ ಬುಧವಾರ. ಎರಡು ದಿನ ವಿಶ್ರಾಂತಿ ಸಾಕು, ಆಮೇಲೆ ಓಡಾಡಿಕೊಂಡಿರಬಹುದು ಎಂದಳು ನರ್ಸಮ್ಮ. ಇನ್ನೆರಡು ತಿಂಗಳು ಕಾದರೆ ಈ ಧೈರ್ಯ ಉಳಿದಿರುತ್ತದೆಂದು ಗಂಡನಿಗೇ ನಂಬಿಕೆಯಿರಲಿಲ್ಲ. ಬುಧವಾರವೇ ಆಗಲಿ ಎಂದ. ನರ್ಸಮ್ಮ ಫಾರಂ ತುಂಬತೊಡಗಿದಳು.

"ಕೆಲಸ?"

"ಸಂಗೀತ," ಎಂದ ಗಂಡ.

"ಓಹೋ! ಕೆಲಸದಲ್ಲಿ ಭಾರ ಎತ್ತೋದು, ಹೊರೋದು ಏನಾದ್ರೂ ಇದೆಯಾ?"

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು. ಇಬ್ಬರೂ ಪ್ರಾಮಾಣಿಕವಾಗಿ ತಲೆಯಾಡಿಸಿದರು. "ಇಲ್ಲ, ಅಂಥದ್ದೇನೂ ಇಲ್ಲ."

ಬೇಕೆಂದು ಹೇಳಿದ ಸುಳ್ಳಲ್ಲ ಅದು. ಆ ಮನೆಯಲ್ಲಿ ಬೆಳೆದವನಿಗೂ ಆ ಮನೆ ಸೇರಿದವಳಿಗೂ ಅದಕ್ಕಿಂತ ಬೇರೆ ಉತ್ತರ ಹೊಳೆಯುವುದೇ ಸಾಧ್ಯವಿರಲಿಲ್ಲ. ಪಾಪ ನರ್ಸಮ್ಮ, ಕೊಳಲೋ ಪಿಟೀಲೋ ಇರಬೇಕು ಅಂದುಕೊಂಡು ಮುಂದಿನ ಸಾಲಿಗೆ ಹೋದಳು.

ಬುಧವಾರ ಡ್ರಮ್ಮಿನ ಚರ್ಮ ಬದಲಾಯಿಸುವವನ ಹತ್ತಿರ ಹೋಗಿ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಇಬ್ಬರೂ ಬಂದರು. ಒಳಗೆ ಹೋದ ಗಂಡ ಇಪ್ಪತ್ತು ನಿಮಿಷಕ್ಕೆಲ್ಲ ಹೊರಗೆ ಬಂದ, ಸೋಪುನೀರು ಚೆಲ್ಲಿದ ನೆಲದ ಮೇಲೆ ನಡೆಯುವವನ ಹಾಗೆ.

"ನೋವಾಯ್ತಾ?" ಅವಳು ಎದ್ದು ಓಡಿಬಂದಳು.

"ಸೊಳ್ಳೆ ಕಚ್ಚಿದ ಹಾಗೆ," ಎಂದ. ಒಂದು ಹೆಜ್ಜೆ ಇಟ್ಟ. "ಸ್ವಲ್ಪ ದೊಡ್ಡ ಸೊಳ್ಳೆ."

ನರ್ಸಮ್ಮ ಬೆರಳು ಮಡಿಸುತ್ತ ಎಲ್ಲ ಹೇಳಿದಳು. ಇವತ್ತು ಆಪರೇಷನ್ ಆಯಿತೆಂದು ಇವತ್ತಿನಿಂದಲೇ ನಿಶ್ಚಿಂತೆ ಅಂತಲ್ಲ. ಮೂರು ತಿಂಗಳು ಕಾಂಡೋಮ್ ಬಳಸಬೇಕು, ಆಮೇಲೆ ಪರೀಕ್ಷೆಗೆ ಬರಬೇಕು, ಸರಿಯಾಗಿದೆ ಎಂದು ಬರೆದುಕೊಟ್ಟ ಮೇಲಷ್ಟೇ ನಿಶ್ಚಿಂತೆ. "ನಡೀಬಹುದು, ಕೈಯಾಡಿಸೋ ಕೆಲಸ ಮಾಡಬಹುದು. ಒಂದು ವಾರ ಮಾತ್ರ ಭಾರ ಹೊರಬೇಡಿ. ಹೊಟ್ಟೆ ಕೆಳಗೆ ಏನೂ ಒತ್ತಬಾರದು, ಏನೂ ಬಡೀಬಾರದು. ನಿಮಗೇನು, ಸಂಗೀತದವರು!"

ಹೊರಗಿನ ಬೆಂಚಿನ ಹತ್ತಿರ ಬರುವ ಹೊತ್ತಿಗೆ ಅವಳ ಹೆಜ್ಜೆ ನಿಂತಿತು. "ರೀ. ನಿಮ್ಮ ಡ್ರಮ್ಮು ಎಲ್ಲಿಗೆ ಬರುತ್ತೆ?"

ಗಂಡ ಎರಡೂ ಕೈಯನ್ನು ಮುಂದೆ ಚಾಚಿ, ಗಾಳಿಯಲ್ಲಿ ಡ್ರಮ್ಮು ತಬ್ಬಿ, ಮೆಲ್ಲಗೆ ಕೆಳಗೆ ನೋಡಿದ. ಅದರ ಕೆಳಗಿನ ಅಂಚು ಎಲ್ಲಿ ಕೂರುತ್ತದೆ, ಒಂದೊಂದು ಏಟಿಗೂ ಎಲ್ಲಿಗೆ ಬಡಿಯುತ್ತದೆ ಎನ್ನುವುದು ಅವನಿಗೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹೊಳೆಯಿತು. ಮುಖ ಸುಣ್ಣದ ಹಾಗಾಯಿತು. "ಅಯ್ಯಯ್ಯೋ," ಎಂದ. "ಅದು ಭಾರ ಕಣೇ!"

ಅವಳಿಗೆ ನಗು ಒತ್ತರಿಸಿಕೊಂಡು ಬಂತು. ತಡೆಯಲು ಬಾಯಿಗೆ ಕೈ ಹಿಡಿದರೆ ಮೂಗಿನಲ್ಲಿ ಬಂತು. ಅವನಿಗೂ ಬಂತು, ಆದರೆ ಒಂದೊಂದು ನಗುವಿಗೂ ಕೆಳಗೆ ಹಿಡಿದಂತಾಗಿ "ನಗಿಸ್ಬೇಡ್ವೇ, ದಮ್ಮಯ್ಯ" ಎಂದು ಬೇಡಿಕೊಳ್ಳತೊಡಗಿದ. ಏನಾಯಿತೋ ಎಂದು ಓಡಿಬಂದ ನರ್ಸಮ್ಮ ವಿಷಯ ತಿಳಿದು, ಹಣೆ ಚಚ್ಚಿಕೊಂಡು, ಕೊನೆಗೆ ತಾನೂ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮನೆ ಹತ್ತಿರವಾದಂತೆ ಮಾತ್ರ ಕಿರಿಸೊಸೆಯ ನಗು ಇಳಿಯಿತು. ಡ್ರಮ್ಮಿಲ್ಲದೆ ಬ್ಯಾಂಡು ಹೆಜ್ಜೆ ಎತ್ತುವುದಿಲ್ಲ. ಬ್ಯಾಂಡು ಹೊರಡದಿದ್ದರೆ ಯಾವ ಜಾಗಕ್ಕಾಗಿ ಇಷ್ಟೆಲ್ಲ ಮಾಡಿದರೋ ಆ ಜಾಗವೇ ಇಲ್ಲ.

ಗುರುವಾರ ಹೇಗೋ ಕಳೆಯಿತು. ಶುಕ್ರವಾರ ಸಂಜೆ ಕೊನೆಯ ತಾಲೀಮು. ಹಜಾರದಲ್ಲಿ ಮನೆಮಂದಿಯೆಲ್ಲ ತಂತಮ್ಮ ವಾದ್ಯ ಹಿಡಿದು ನಿಂತಿದ್ದರು. ಗಂಡನೊಬ್ಬ ಕುರ್ಚಿಯಲ್ಲಿ ಕೂತಿದ್ದ.

"ಏಳೋ," ಎಂದರು ಯಜಮಾನರು.

"ಸೊಂಟ ಹಿಡ್ಕೊಂಡಿದೆ ಅಪ್ಪ."

ಅದೊಂದು ಮಾತು ಆಡಬಾರದಿತ್ತು. ಸೊಂಟ ಬಿಡಿಸುವುದರಲ್ಲಿ ಯಜಮಾನರು ತಮ್ಮನ್ನು ಪಂಡಿತರೆಂದೇ ತಿಳಿದಿದ್ದರು. ಅವರ ಚಿಕಿತ್ಸೆ ಎಂದರೆ ರೋಗಿಯನ್ನು ಬೋರಲು ಮಲಗಿಸಿ, ಬಿಸಿ ಎಣ್ಣೆ ಸುರಿದು, ಸೊಂಟದ ಮೇಲೆ ಹತ್ತಿ ನಿಲ್ಲುವುದು. "ಇಷ್ಟೇನಾ? ಚಾಪೆ ಹಾಸ್ರೋ! ಎಣ್ಣೆ ಕಾಯಿಸ್ರೋ! ಬೋರಲು ಮಲಗು!" ಎಂದು ಅಂಗಿಯ ತೋಳು ಮಡಿಸಿಯೇಬಿಟ್ಟರು. ಗಂಡ ಕುರ್ಚಿಯ ಕೈಗಳನ್ನು ಎರಡೂ ಕೈಯಲ್ಲಿ ಅವಚಿ ಹಿಡಿದು ಹೆಂಡತಿಯ ಕಡೆ ನೋಡಿದ. ಆ ನೋಟವನ್ನು ಯಾವ ಹೆಂಡತಿ ತಾನೇ ಸಹಿಸುತ್ತಾಳೆ?

"ಮಾವ, ಅವರ ಸೊಂಟಕ್ಕೇನೂ ಆಗಿಲ್ಲ." ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿತು. "ಬುಧವಾರ ಆಪರೇಷನ್ ಮಾಡಿಸ್ಕೊಂಡ್ರು. ಮಕ್ಕಳಾಗದ ಆಪರೇಷನ್. ನಮಗೆ ಎರಡು ಸಾಕು ಅಂತ ಇಬ್ರೂ ಕೂತು ತೀರ್ಮಾನ ಮಾಡಿದ್ವಿ."

ಯಾರದೋ ಕೈಯಿಂದ ಕಂಚಿನ ತಾಳ ಜಾರಿ ನೆಲದ ಮೇಲೆ ಝಣಝಣ ಸುತ್ತಿ ಸುತ್ತಿ ನಿಂತಿತು. ಐದು ಮಕ್ಕಳ ತಂದೆಯಾದ ಭಾವ ಟ್ರಂಪೆಟ್ಟಿನ ಹಿಂದೆ ಮುಖ ಮುಚ್ಚಿಕೊಂಡ.

"ನನ್ನನ್ನ ಒಂದು ಮಾತು ಕೇಳದೆ?" ಯಜಮಾನರ ಮೀಸೆ ನಡುಗಿತು. "ಹಾಗಾದ್ರೆ ಆ ಸ್ಯಾಕ್ಸೋಫೋನು?"

"ಅದನ್ನ ಊದೋಕೆ ಅಂತ ಮಗು ಹೆರೋಕಾಗಲ್ಲ ಮಾವ. ಇರೋ ಇಬ್ಬರನ್ನ ಚೆನ್ನಾಗಿ ಬೆಳೆಸ್ತೀವಿ. ನಾನೂ ಸ್ವಲ್ಪ ಬೆಳೀತೀನಿ."

"ಬೆಳಿ, ಬೆಳಿ! ನಾಳೆ ಡ್ರಮ್ಮಿಲ್ಲ, ಬ್ಯಾಂಡಿಲ್ಲ. ಕೆಳಗಿಡು ಆ ಕ್ಲಾರಿನೆಟ್ಟು!"

ಅವಳು ಇಡಲಿಲ್ಲ. ಮೂರನೇ ಸಲ ಜಾಗ ಹೋಗುವುದಾದರೆ ಯಾರಾದರೂ ಕಿತ್ತುಕೊಂಡು ಹೋಗಲಿ, ತಾನಾಗಿ ಇಡುವುದಿಲ್ಲ ಎಂದು ನಿಂತಳು.

ಆಗ ಮೂಲೆಯಿಂದ 'ಟಿಂಗ್' ಎಂದಿತು. ಎಲ್ಲರೂ ತಿರುಗಿದರು. ಅತ್ತೆಯದು ಆ ಬ್ಯಾಂಡಿನಲ್ಲೇ ಅತಿ ಚಿಕ್ಕ ವಾದ್ಯ, ಮೂರು ಮೂಲೆಗೆ ಬಗ್ಗಿಸಿದ ಒಂದು ಕಂಬಿ. ಅದಕ್ಕೆ ಸಣ್ಣ ಕಡ್ಡಿಯಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ತಟ್ಟುವುದಷ್ಟೇ ಕೆಲಸ. ರಾಗದ ನಡುವೆ ಅಲ್ಲದೆ ಅದು ಹೀಗೆ ಸದ್ದು ಮಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಮದುವೆಯಾಗಿ ಬಂದಾಗ ನಾನೂ ಟ್ರಂಪೆಟ್ ಊದ್ತಿದ್ದೆ," ಎಂದರು ಅತ್ತೆ. "ನೆನಪಿದೆಯಾ ನಿಮಗೆ? ಒಂಬತ್ತು ವರ್ಷದಲ್ಲಿ ಆರು ಹೆರಿಗೆ. ಆಮೇಲೆ ಮೆಟ್ಟಿಲು ಹತ್ತೋಕೂ ಉಸಿರು ಸಾಲದು. ಪಾಪ ಅಂತ ಈ ಕಂಬಿ ಕೊಟ್ರಿ. ಇಪ್ಪತ್ತೆಂಟು ವರ್ಷದಿಂದ ಟಿಂಗ್ ಅಂತಿದ್ದೀನಿ. ಇವಳಿಗೂ ಒಂದು ಕಂಬಿ ಬಗ್ಗಿಸ್ತೀರೇನು?"

ಯಜಮಾನರು ಮಡಿಸಿದ್ದ ತೋಳನ್ನು ಮೆಲ್ಲಗೆ ಇಳಿಸಿದರು. ಅತ್ತೆ ಬಿಡಲಿಲ್ಲ.

"ಡ್ರಮ್ಮಿಂದೇನು ದೊಡ್ಡ ವಿಷಯ? ಉದ್ಘಾಟನೆಗೆ ಮುಂಚೆ ಸೇತುವೆ ಮೇಲೆ ಚಕ್ರ ಹತ್ತಿಸಬಾರದಂತೆ, ಅದಕ್ಕೇ ಡ್ರಮ್ಮನ್ನ ಗಾಡೀಲಿ ಇಡೋ ಹಾಗಿಲ್ಲ. ಎಲ್ಲರ ಕೈಯಲ್ಲೂ ವಾದ್ಯ ಇದೆ, ಹಲ್ಲು ಹೋದ ನಿಮ್ಮ ತಮ್ಮನ ಕೈಗೂ ತಾಳ ಕೊಟ್ಟಾಗಿದೆ. ಬರೀ ಕೋಲು ಬೀಸ್ಕೊಂಡು ಬರೋರು ನೀವೊಬ್ರೇ. ನೀವು ಹೊತ್ಕೊಳ್ಳಿ, ಅವನು ಪಕ್ಕದಲ್ಲಿ ನಡೀತಾ ಬಾರಿಸ್ಲಿ. ಹೇಗೂ ಅದು ಭಾರ ಅಲ್ಲವಲ್ಲ!"

ಅಲ್ಲ ಅಂದರೆ ಹೊರಬೇಕು, ಹೌದು ಅಂದರೆ ಹುಳಿ ಹಚ್ಚಿ ಹಿತ್ತಾಳೆ ತಿಕ್ಕಬೇಕು. ಯಜಮಾನರು ಗೋಡೆ ನೋಡಿದರು, ಸೂರು ನೋಡಿದರು. ಮೊಮ್ಮಕ್ಕಳು ಒಬ್ಬೊಬ್ಬರಾಗಿ ಕಿಸಕ್ಕೆಂದರು.

ಶನಿವಾರ ಸೇತುವೆಯ ಈ ತುದಿಯಲ್ಲಿ ಊರಿಗೆ ಊರೇ ನೆರೆದಿತ್ತು. ಬಂಗಾರದ ಅಂಚಿನ ಕೆಂಪು ಕೋಟು ತೊಟ್ಟ ಬ್ಯಾಂಡ್ ಮಾಸ್ಟರು ಹೊಟ್ಟೆಯ ಮುಂದೆ ಆ ಗುಡಾಣ ಕಟ್ಟಿಕೊಂಡು ಬಂದದ್ದೇ ತಡ, ಜನರ ನಡುವೆ ಗುಸುಗುಸು ಎದ್ದಿತು. ಒಬ್ಬ ಅಜ್ಜಿ ಬೊಚ್ಚುಬಾಯಿ ತೆರೆದು ಕೂಗಿಯೇಬಿಟ್ಟಳು: "ಮಾಸ್ಟರೇ, ಎಷ್ಟು ತಿಂಗಳು?" ನಗು ಒಂದು ಬದಿಯಿಂದ ಇನ್ನೊಂದು ಬದಿಗೆ ಉರುಳಿಕೊಂಡು ಹೋಯಿತು. ಪ್ರಥಮ ಚಿಕಿತ್ಸೆಯ ಮೇಜಿನ ಹಿಂದೆ ನಿಂತಿದ್ದ ನರ್ಸಮ್ಮ, ಡ್ರಮ್ಮು ಯಾರ ಹೊಟ್ಟೆಯ ಮೇಲಿದೆ ಎಂದು ಇಣುಕಿ ನೋಡಿ, ಸಮಾಧಾನದಿಂದ ಕುರ್ಚಿಗೆ ಒರಗಿದಳು.

ಎರಡೂ ಕೈಯಲ್ಲಿ ಡ್ರಮ್ಮಿನ ಅಂಚು ಹಿಡಿದ ಮಾವನಿಗೆ ಕೋಲು ಬೀಸಲು ಮೂರನೇ ಕೈಯಿರಲಿಲ್ಲ. ಶುರು ಹೇಳುವವರು ಯಾರು? ಬ್ಯಾಂಡಿನವರ ಕಣ್ಣುಗಳೆಲ್ಲ ತಾವಾಗಿಯೇ ಮೊದಲ ಕ್ಲಾರಿನೆಟ್ಟಿನ ಕಡೆ ತಿರುಗಿದವು. ಕಿರಿಸೊಸೆ ಎದೆತುಂಬ ಉಸಿರೆಳೆದು, ತಲೆ ಒಮ್ಮೆ ಕೆಳಗೆ ಹಾಕಿ ಎತ್ತಿದಳು. ಅಷ್ಟು ಸಾಕಾಯಿತು. ಬ್ಯಾಂಡು ಹೊರಟಿತು.

ಗಂಡ ಅಪ್ಪನ ಪಕ್ಕದಲ್ಲಿ ಹುಷಾರಾಗಿ ಹೆಜ್ಜೆಯಿಡುತ್ತ ಢಂ ಢಂ ಬಾರಿಸುತ್ತಿದ್ದ. ಟ್ರಂಪೆಟ್ಟಿಗೆ ಬಿಡುವು ಸಿಕ್ಕಾಗಲೆಲ್ಲ ಭಾವ ಅವನ ಕಡೆ ವಾಲುತ್ತಿದ್ದ. "ನೋವಾಯ್ತೇನೋ?" "ಇಲ್ಲ." ನಾಲ್ಕು ಸಾಲು ಊದಿ ಮತ್ತೆ ಬಂದ. "ನಿಜವಾಗ್ಲೂ?" "ಸೊಳ್ಳೆ ಕಣೋ." ಇನ್ನೂ ನಾಲ್ಕು ಸಾಲು. "ಮುಂದಿನ ಸಲ ಡಾಕ್ಟರು ಯಾವಾಗ ಬರ್ತಾರೆ?"

ಸೇತುವೆಯ ಏರು ಬಂತು. ಮಾವನ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. ಬೆವರು ಮೀಸೆಯ ತುದಿಯಲ್ಲಿ ನಿಂತು ತೊಟ್ಟಿಕ್ಕಿತು. "ಅಬ್ಬಾ, ಭಾರ," ಎಂದುಬಿಟ್ಟರು, ಸಾಕಷ್ಟು ಗಟ್ಟಿಯಾಗಿಯೇ. ಅತ್ತೆ ಕೇಳಿಸಿಕೊಂಡು, ರಾಗದಲ್ಲಿ ಇಲ್ಲದ ಕಡೆ ಒಂದು ಟಿಂಗ್ ಸೇರಿಸಿದರು.

ಸೇತುವೆಯ ನಡುವೆ ಆ ಉದ್ದನೆ ಸ್ವರ ಬಂತು. ಇಪ್ಪತ್ತನಾಲ್ಕು ಎಣಿಕೆ. ಎಲ್ಲ ವಾದ್ಯಗಳೂ ನಿಂತು, ಕೆಳಗಿನ ನೀರಿನ ಸದ್ದೂ ಅವಳ ಕ್ಲಾರಿನೆಟ್ಟೂ ಮಾತ್ರ ಉಳಿದವು. ಹತ್ತಾಯಿತು, ಹದಿನೈದಾಯಿತು. ಹೋದ ಎರಡು ಸಲ ಉಸಿರು ಕಡಿದದ್ದು ಹದಿನೆಂಟರಲ್ಲಿ. ಹದಿನೆಂಟು ದಾಟಿತು. ಒಳಗಿನಿಂದ ಯಾರೂ ಒದೆಯಲಿಲ್ಲ, ಯಾರೂ ಜಾಗ ಕೇಳಲಿಲ್ಲ. ಎದೆಯೆಲ್ಲ ಅವಳದೇ, ಗಾಳಿಯೆಲ್ಲ ಅವಳದೇ. ಇಪ್ಪತ್ತನಾಲ್ಕಾದ ಮೇಲೂ ಉಸಿರು ಮಿಕ್ಕಿತ್ತು. ಅವಳಿಗೆ ಕುಣಿಯಬೇಕು ಅನ್ನಿಸುವಷ್ಟು ಖುಷಿಯಾಯಿತು. ಇಪ್ಪತ್ತೆಂಟರವರೆಗೆ ಎಳೆದಳು. ಜನ ಹೋ ಎಂದರು.

ಸೇತುವೆ ಮುಗಿಯಿತು, ರಾಗವೂ ಮುಗಿಯಿತು. ಯಾವಾಗಲೂ ಇಲ್ಲಿ ಮಾವ ಕೋಲನ್ನು ಮೇಲಕ್ಕೆಸೆದು ಹಿಡಿಯುತ್ತಿದ್ದರು, ಬ್ಯಾಂಡು ನಿಲ್ಲುತ್ತಿತ್ತು. ಇವತ್ತು ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ನಿಲ್ಲಿಸಲಿಲ್ಲ. ತಲೆ ಹಾಕಿ ಎತ್ತಿ, ಮೊದಲಿನಿಂದ ಮತ್ತೆ ಶುರುಮಾಡಿದಳು. ಬ್ಯಾಂಡು ಅವಳ ಹಿಂದೆ ಪೇಟೆಬೀದಿಗೆ ತಿರುಗಿತು, ಬ್ಯಾಂಡಿನ ಹಿಂದೆ ಊರು ತಿರುಗಿತು.

ಪೇಟೆಯ ಕೊನೆಯಲ್ಲಿ ಡ್ರಮ್ಮಿನ ಮರೆಯಿಂದ ಮಾವನ ಕೂಗು ಕೇಳಿತು. "ಸಾಕು ಕಣಮ್ಮಾ, ಸಾಕು! ಜಾಗ ನಿಂದೇ, ಕಾಯಂ! ನಿಲ್ಸು!"

ಟ್ರಂಪೆಟ್ಟಿನ ಸಾಲು ಬಂದಾಗ ಅವಳು ಕ್ಲಾರಿನೆಟ್ ಬಾಯಿಂದ ತೆಗೆದು, ಹಿಂದೆ ತಿರುಗಿ, ಮುಖವೆಲ್ಲ ನಗುವಾಗಿ ಕೂಗಿ ಹೇಳಿದಳು: "ಎಷ್ಟು ಸಾಕು ಅಂತ ನಾನು ಹೇಳ್ತೀನಿ ಮಾವ!"

ಆಮೇಲೆ ಮೂರನೇ ಸಲ ಶುರುಮಾಡಿದಳು.